ತಮ್ಮನ ಕಾರಿನ ಗೇರ್ ಎಣ್ಣೆ

ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ತಿಳಿದಿದ್ದೆ. ತಿಳಿಯದೆ ಏನು? ಕೊಣ್ಣೂರಿನ ರಸ್ತೆ ಬದಿಯಲ್ಲಿ ಮಿರ್ಚಿ ಭಜಿ ಕರಿಯುತ್ತಲೇ ಮುದುಕಿಯಾದವಳು ನಾನು. ಶೇಂಗಾ ಎಣ್ಣೆ ಯಾವಾಗ ನೊರೆ ಬಿಡುತ್ತದೆ, ಯಾವ ಅಂಗಡಿಯವನು ಅದರಲ್ಲಿ ಏನು ಬೆರೆಸಿದ್ದಾನೆ, ಎಲ್ಲವನ್ನೂ ಮೂಗಿನಿಂದಲೇ ಹೇಳುತ್ತೇನೆ. ಓದು ಬರಹ ಅಷ್ಟಕ್ಕಷ್ಟೆ. ಇದನ್ನು ಬರೆಯುವಾಗಲೂ ಒತ್ತಕ್ಷರ ಬಂದಲ್ಲೆಲ್ಲ ಸೊಸೆಯನ್ನು ಕೂಗಿದ್ದೇನೆ. ಆದರೆ ಮೂಗಿಗೆ ಶಾಲೆ ಬೇಕಿಲ್ಲವಲ್ಲ.

ಆದ್ದರಿಂದ ಮೇಲವಂಕಿಯಲ್ಲಿರುವ ನನ್ನ ತಮ್ಮ ಬಾಳಪ್ಪ ತನ್ನ ಕಾರಿನ ಎಣ್ಣೆಯ ಚಿಂತೆ ಹೊತ್ತು ನನ್ನ ಹತ್ತಿರ ಬಂದಾಗ, ಬರಬೇಕಾದಲ್ಲಿಗೇ ಬಂದ ಅನ್ನಿಸಿತು.

ಬಾಳಪ್ಪ ಹರೆಯದಲ್ಲಿ ಕುಸ್ತಿ ಹಿಡಿಯುತ್ತಿದ್ದ. ಆಮೇಲೆ ಎಡಗಾಲು ಕಬ್ಬಿನ ಟ್ರೇಲರಿನ ಕೆಳಗೆ ಸಿಕ್ಕಿತು, ಮೊಣಕಾಲಿನಿಂದ ಕೆಳಗೆ ತೆಗೆದರು. ಅತ್ತದ್ದಾಯಿತು, ಮುಗಿಯಿತು. ಅಳು ಮುಗಿದ ಮೇಲಿನ ಕಥೆಯೇ ಕಷ್ಟದ್ದು. ಮುಂಜಾನೆ ಅವನ ಮಗ ಬೈಕಿನ ಮೇಲೆ ತಂದು ನನ್ನ ಅಂಗಡಿಯ ಬೆಂಚಿನ ಮೇಲೆ ಇಳಿಸುತ್ತಿದ್ದ. ಸಂಜೆ ಗೋಣಿಚೀಲ ಹೇರಿದ ಹಾಗೆ ಹೇರಿಕೊಂಡು ಹೋಗುತ್ತಿದ್ದ. ನಡುವಿನ ಹೊತ್ತೆಲ್ಲ ಬಾಳಪ್ಪನ ಉಪದೇಶ.

"ಅಕ್ಕಾ, ಉರಿ ಜಾಸ್ತಿ ಆತು ನೋಡು."

"ಅಕ್ಕಾ, ಹಿಟ್ಟು ತೆಳ್ಳಗಾತು."

ಜನ್ಮದಲ್ಲಿ ಒಂದು ಒಲೆ ಹೊತ್ತಿಸಿದವನಲ್ಲ!

ಅವನನ್ನು ಬೆಂಚಿನಿಂದ ಎಬ್ಬಿಸಿದ್ದು ಒಂದು ಹಳೆಯ ಆಟೋಮ್ಯಾಟಿಕ್ ಕಾರು. ಅದರಲ್ಲಿ ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ, ಗೇರು ತಾನೇ ಬದಲಾಗುತ್ತದೆ. ಅದು ಬಂದ ಮೇಲೆ ತಮ್ಮ ಇಂದು ಮೂಡಲಗಿಯ ದನದ ಸಂತೆ, ನಾಳೆ ಹುಕ್ಕೇರಿಯ ಕುಸ್ತಿ. ಎಮ್ಮೆ ಕೊಳ್ಳುವುದಿಲ್ಲ, ಕೊಳ್ಳುವವರಿಗೆ ಬುದ್ಧಿ ಹೇಳಿ ಬರುತ್ತಾನೆ. ಕೇಳುವ ಕಿವಿಗಳು ಬದಲಾದವು, ನಾನು ಬದುಕಿಕೊಂಡೆ.

ಅಂಥ ಕಾರು ಈಗ ಹಟ ಹಿಡಿದಿತ್ತು. ಗೇರಿಗೆ ಹಾಕಿದರೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ದನ ಹಗ್ಗ ಜಗ್ಗಿದ ಹಾಗೆ ಜಗ್ಗುತ್ತಿತ್ತು. ಏರು ಬಂದರೆ ಇಂಜಿನ್ನು ಒದರುತ್ತಿತ್ತು, ಗಾಲಿ ಮಾತ್ರ ನಿಧಾನ. ಗೇರ್‌ಬಾಕ್ಸ್ ಹೋದರೆ ಹೊಸದು ಹಾಕಿಸುವುದು ಅವನ ಕೈಲಾಗದ ಮಾತು. ಹಾಗಾದರೆ ಮತ್ತೆ ಅದೇ ಬೆಂಚು. ಅದು ಅವನಿಗೆ ಬೇಡವಾಗಿತ್ತು. ಖರೆ ಹೇಳಬೇಕೆಂದರೆ ನನಗೂ.

ಇಬ್ಬರೂ ಗೋಕಾಕದ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಇಮಾಮ ಗೇರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ. ಹೊಸದಿದ್ದಾಗ ಆ ಎಣ್ಣೆ ಕುಂಕುಮದ ನೀರಿನ ಹಾಗೆ ಕೆಂಪಗಿರುತ್ತದಂತೆ. ಇದು ಸಂತೆಯ ದಿನ ಸಂಜೆಯ ನನ್ನ ಕಡಾಯಿಯ ಹಾಗಿತ್ತು. ಮೂಸಿದೆ. ಹೊತ್ತಿದ ವಾಸನೆ. ಬದಲಿಸಬೇಕೆಂದು ನಾನು ಹೇಳಿದೆ, ಇಮಾಮನೂ ಹೌದೆಂದ. ನನ್ನ ಜಂಬ ಅಲ್ಲಿಯವರೆಗೆ ಚೆನ್ನಾಗಿತ್ತು.

ತೊಡಕು ಬಂದದ್ದು ಯಾವುದನ್ನು ಹಾಕಬೇಕು ಎನ್ನುವಲ್ಲಿ. ಕಾರು ಮಾಡಿದ ಕಂಪನಿಯದೇ ಎಣ್ಣೆ ಗೋಕಾಕದಲ್ಲಿ ಇರಲಿಲ್ಲ, ತರಿಸಬೇಕು, ದುಬಾರಿ ಬೇರೆ. ಪಕ್ಕದ ಅಂಗಡಿಯಲ್ಲಿ ಒಂದು ಅಗ್ಗದ ಡಬ್ಬಿ ಇತ್ತು, ಎಲ್ಲ ಕಾರುಗಳಿಗೂ ನಡೆಯುತ್ತದೆ ಎಂದು ಅದರ ಮೇಲೆ ಬರೆದಿತ್ತಂತೆ.

"ಇದನ್ನ ಹಾಕೋ ಇಮಾಮ," ಅಂದೆ. "ಡಬ್ಬಿ ಮ್ಯಾಲಿನ ಹೆಸರಿಗೆ ರೊಕ್ಕ ಯಾಕ ಕೊಡೂದು? ಗಾಣದ ಎಣ್ಣಿಗೆ ಹೆಸರೈತೇನು? ಎಣ್ಣಿ ಅಂದ್ರ ಜಾರಬೇಕು, ಮುಗೀತು."

ಇಮಾಮ ನಕ್ಕ. "ಆಯಿ, ಇದು ಬರೇ ಜಾರಿದ್ರ ಕಾರು ಮುಂದ ಹೋಗೂದಿಲ್ಲ. ಒಳಗ ಪ್ಲೇಟ್ ಅದಾವು. ಒಂದನ್ನೊಂದು ಹಿಡಕೊಂಡ್ರನ ಗಾಲಿ ತಿರಗತಾವು. ಈ ಎಣ್ಣಿ ಅವು ಸವೆಯದಂಗೂ ನೋಡಬೇಕು, ಹಿಡಿಯಾಕೂ ಬಿಡಬೇಕು. ಎಷ್ಟು ಹಿಡೀಬೇಕು ಅನ್ನೂದು ಗಾಡಿಗೊಂದು ನಮೂನಿ."

ತಲೆಗೆ ಹಚ್ಚುವ ಎಣ್ಣೆ ಗೊತ್ತು, ದೀಪದ್ದು ಗೊತ್ತು, ಬಂಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆ ಗೊತ್ತು, ಕೂಸಿನ ಮೈಗೆ ತಿಕ್ಕುವುದು ಗೊತ್ತು. ಎಣ್ಣೆ ಹಿಡಿಯಬೇಕು ಎಂದು ಬಯಸಿದವರನ್ನು ಮಾತ್ರ ನಾನು ಕಂಡಿರಲಿಲ್ಲ.

ಬಾಳಪ್ಪನ ಮುಖ ಮಾತ್ರ ಅರಳಿತು. "ಅಕ್ಕಾ, ಇದು ಗರಡಿ ಮಣ್ಣಿನ ಲೆಕ್ಕ!"

ಗರಡಿಮನೆಯ ಕೆಮ್ಮಣ್ಣನ್ನು ಬರೀ ಹೊಲದ ಮಣ್ಣು ಎಂದು ತಿಳಿಯಬೇಡಿ. ಅದಕ್ಕೆ ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣು, ಅರಿಶಿನ ಹಾಕಿ ಹದ ಮಾಡುತ್ತಾರೆ. ಎಣ್ಣೆ ಹೆಚ್ಚಾದರೆ ಹಿಡಿದ ಪಟ್ಟು ಜಾರುತ್ತದೆ, ಕಡಿಮೆಯಾದರೆ ಮೈ ತರಚುತ್ತದೆ. ಒಂದೊಂದು ಗರಡಿಯ ಹದ ಒಂದೊಂದು. ಮೂಡಲಗಿಯಲ್ಲಿ ಗೆದ್ದ ಪಟ್ಟಿನಲ್ಲೇ ಬಾಳಪ್ಪ ಹುಕ್ಕೇರಿಯಲ್ಲಿ ಬಿದ್ದ. ಅಂದಿನಿಂದ ಮಣ್ಣಿನ ಹದ ಬೇರೆ ಇತ್ತು ಎಂದು ಹೇಳುತ್ತಲೇ ಬಂದಿದ್ದಾನೆ. ಸೋತವನ ನೆವ ಎಂದು ನಾನು ನಗುತ್ತಿದ್ದೆ. ಈಗಲೂ ಅರ್ಧ ಹಾಗೇ ಅಂದುಕೊಂಡಿದ್ದೇನೆ.

ಇಮಾಮ ಇನ್ನೊಂದು ಡಬ್ಬಿ ತಂದ. "ಇದು ಬ್ಯಾರೆ ಕಂಪನೀದು, ಆದ್ರ ನಿಮ್ಮ ಗಾಡಿ ಕೇಳೂ ನಂಬರ್ ಇದರ ಮ್ಯಾಲ ಐತಿ. ಇದು ನಡೀತೈತಿ ಕಾಕಾ. ಎಲ್ಲಾ ಗಾಡಿಗೂ ಅನ್ನೂದನ್ನ ಮಾತ್ರ ಪುಕ್ಕಟೆ ಕೊಟ್ರೂ ನಾ ಹಾಕೂದಿಲ್ಲ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಂಬರು ಹೊಂದಿದೆ, ಬೆಲೆ ಕಡಿಮೆ, ಇವತ್ತೇ ಕೆಲಸ ಮುಗಿಯುತ್ತದೆ. ಬಾಳಪ್ಪ ತಲೆ ಅಲ್ಲಾಡಿಸಿದ.

"ಕಂಪನೀದ ಬರಲಿ ಅಕ್ಕಾ."

"ನಂಬರ್ ಹೊಂದೇತಿ ಅಂತಾನಲ್ಲೋ ಹುಚ್ಚಾ!"

"ಹೊಂದೇತಿ. ಆದ್ರೂ ಬರಲಿ."

"ಅಲ್ಲೀತನಕ ಎಲ್ಲಿ ಇರ್ತಿ?"

"ಮತ್ತೆಲ್ಲಿ? ನಿನ್ನ ಬೆಂಚಿನ ಮ್ಯಾಲ."

ಎಣ್ಣೆ ಬರುವವರೆಗೆ ಕಾರು ಓಡಿಸಬೇಡಿ ಎಂದು ಇಮಾಮ ಹೇಳಿದ್ದ. ಓಡಿಸಲಿಲ್ಲ, ಕುಳಿತ. ಸೊಸೆ ಮೊಬೈಲಿನಲ್ಲಿ ಹಾಡು ಜೋರಾಗಿ ಹಚ್ಚಿ ಪಾರಾದಳು. ನನಗೆ ಆ ವಿದ್ಯೆ ಬರುವುದಿಲ್ಲ. ಭಜಿ ತಿರುವುತ್ತ ಯೋಚಿಸಿದೆ: ಇವನು ನಿಜವಾಗಿ ಹುಚ್ಚನೇ? ನನ್ನ ಮಗನ ಕಾರಾಗಿದ್ದರೆ ನಂಬರು ಹೊಂದಿದ ಆ ಡಬ್ಬಿಯನ್ನೇ ಹಾಕಿಸುತ್ತಿದ್ದೆ, ಅದರಲ್ಲಿ ತಪ್ಪೂ ಇಲ್ಲ. ಅಕಸ್ಮಾತ್ ಏನಾದರೂ ಆದರೆ ಅವನು ನಾಲ್ಕು ಮಾತು ಬೈದು ಬಸ್ಸು ಹತ್ತುತ್ತಾನೆ. ಬಾಳಪ್ಪ ಎಲ್ಲಿ ಹತ್ತುತ್ತಾನೆ? ಡಬ್ಬಿಯೊಳಗಿನ ಎಣ್ಣೆ ಎರಡರಲ್ಲೂ ಒಂದೇ ಇರಬಹುದು, ಎಡವಿದರೆ ಬೀಳುವ ಆಳ ಇಬ್ಬರಿಗೂ ಒಂದೇ ಅಲ್ಲ. ಬಾಳಪ್ಪ ಕೊಂಡದ್ದು ಎಣ್ಣೆಯ ಜೊತೆಗೆ ಒಂದಿಷ್ಟು ನಿದ್ದೆ. ಇದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಖುಷಿಯಿಂದ ಇನ್ನಷ್ಟು ದಿನ ಕೂಡುತ್ತಿದ್ದ.

ಎಣ್ಣೆ ಬಂತು. ಇಮಾಮ ಹಾಕಿದ. ಬಾಳಪ್ಪ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿ ಹುಕ್ಕೇರಿಗೆ ನನ್ನನ್ನೂ ಹತ್ತಿಸಿಕೊಂಡ. ಈಗ ಜಗ್ಗುತ್ತದೆ, ಈಗ ಜಗ್ಗುತ್ತದೆ ಎಂದು ನಾನು ಮುಂದಿನ ಹಿಡಿಕೆ ಗಟ್ಟಿಯಾಗಿ ಹಿಡಿದು ಕುಳಿತೆ. ಏರು ಬಂತು, ಹೋಯಿತು.

"ಗೇರು ಯಾವಾಗ ಬೀಳತೈತೋ?"

"ಬಿದ್ದು ಬಿದ್ದು ಎದ್ದಾವು ಅಕ್ಕಾ, ನಿನಗ ಗೊತ್ತಾಗಿಲ್ಲ."

ದಾರಿಯಲ್ಲಿ ಚಹಾದಂಗಡಿ ಕಂಡು ನಿಲ್ಲಿಸಿದ. ಕೋಲೂರಿ ತಾನೇ ಇಳಿದು, ಸುತ್ತಿ ಬಂದು ನನ್ನ ಬಾಗಿಲು ತೆಗೆದ. ಇಳಿಯಲು ಹೋದರೆ ನನ್ನ ಎರಡೂ ಮೊಣಕಾಲು ಹಿಡಿದುಕೊಂಡಿದ್ದವು. ಅತ್ತ ಕೂಡಲಾರೆ, ಇತ್ತ ಏಳಲಾರೆ. ಬಾಳಪ್ಪ ಕಾರಿಗೆ ಒರಗಿ ಒಂದು ಕೈ ಚಾಚಿದ.

"ಎರಡು ಕಾಲು ಇಟ್ಟಕೊಂಡು ಏನ ಮಾಡಿದಿ ಅಕ್ಕಾ?" ಅಂದ.

ಬಾಯಿಗೆ ಒಳ್ಳೆಯ ಬೈಗುಳವೇ ಬಂದಿತ್ತು. ಆದರೆ ಆ ಹೊತ್ತಿಗೆ ಅವನ ಕೈ ಬಿಡುವ ಹಾಗಿರಲಿಲ್ಲ. ಎದ್ದು, ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರಿದ ಮೇಲೆ ಬೈದೆ.