ಅತ್ತಿಯ ಪೆಟ್ಟಿಗೆ ಮತ್ತು ನನ್ನ ಪುರಾವೆ

ವಾಸನೆಯೊಂದು ಮನುಷ್ಯರನ್ನು ಹಿಂದಕ್ಕೆ ಎಳೆದೊಯ್ಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಮೊನ್ನೆ ನಗು ಬರಲಿಲ್ಲ. ಮೈಲೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಹಳೆಯ ಜೇನುಪೆಟ್ಟಿಗೆ ಇದೆ, ಅದರ ತುಂಬ ಪುಸ್ತಕ. ಕಿಟಕಿಯ ಬಿಸಿಲಿಗೆ ಅದರ ಮುಚ್ಚಳ ಕಾದು ಮೇಣದ ವಾಸನೆ ಬಿಟ್ಟಿತು. ಸಗಣಿಕುಳ್ಳಿನ ಹೊಗೆ, ಹಳೆಯ ಬೆಲ್ಲದಂಥ ಸಿಹಿ, ಅದರಡಿ ಚೂರು ಹುಳಿ. ಭಾತಂಬ್ರಾದ ನಮ್ಮ ಮನೆಯ ಹಿತ್ತಿಲು ಹೀಗೇ ನಾರುತ್ತಿತ್ತು. ಆ ಮನೆ ಈಗಿಲ್ಲ. ಕಾಕಂದಿರು ಪಾಲಾದ ಮೇಲೆ ಅದನ್ನು ಕೆಡವಿ ಕಲ್ಲುಗಳನ್ನೂ ಹಂಚಿಕೊಂಡರು. ಪೆಟ್ಟಿಗೆಯನ್ನು ಯಾರೂ ಕೇಳಲಿಲ್ಲ, ಅದಕ್ಕೇ ನನಗೆ ಬಂತು.

ಅದು ನನ್ನ ಅತ್ತಿಯದು, ಅಪ್ಪನ ತಂಗಿಯದು. ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬರಿದ್ದಿರಬಹುದು, ಒಂದೇ ಒಂದು ವಿಷಯದಲ್ಲಿ ಮಾತು ನಡೆಯುತ್ತಿದ್ದವರು. ಸಾರಿಗೆ ಉಪ್ಪೆಷ್ಟು ಎಂದೂ ಅವಳನ್ನು ಕೇಳದ ಜನ, ಜೇನಿನ ಮಾತು ಬಂದರೆ ಮಾತ್ರ "ಅಕೀನ್ನ ಕೇಳ್ರಿ" ಎನ್ನುತ್ತಿದ್ದರು. ಅವಳು ಪೆಟ್ಟಿಗೆಯ ಬದಿಗೆ ಬೆರಳಿನಿಂದ ಎರಡು ಸಲ ತಟ್ಟಿ ಕಿವಿ ಇಡುತ್ತಿದ್ದಳು. ರಾಣಿ ಇದ್ದರೆ ಒಳಗಿನ ಸದ್ದು ಒಮ್ಮೆ ಭುಸ್ಸೆಂದು ಎದ್ದು ತಟ್ಟನೆ ಅಡಗುತ್ತದೆ. ಇಲ್ಲದಿದ್ದರೆ ಅಡಗುವುದಿಲ್ಲ, ಎಳೆದೆಳೆದು ಅಳುತ್ತದೆ. ಇದು ಅವಳ ಶಾಸ್ತ್ರ.

ನಾನು ಎಂಟನೇ ಇಯತ್ತೆಯಲ್ಲಿದ್ದ ವರ್ಷ, ತೊಗರಿ ಹೂ ಬಿಟ್ಟ ಹೊತ್ತಿಗೆ, ಹಳೆಯ ರಾಣಿ ಅರ್ಧ ಹುಳಗಳನ್ನು ಕರೆದುಕೊಂಡು ಹಾರಿಹೋದಳು. ಎರಡು ವಾರ ಕಳೆದರೂ ಮೇಣದ ಎರಿಗಳಲ್ಲಿ ಒಂದೂ ತತ್ತಿ ಕಾಣಲಿಲ್ಲ. ಭಾಲ್ಕಿಯ ಶಾಲೆಯಲ್ಲಿ ಚರ್ಚಾ ಸ್ಪರ್ಧೆ ಗೆದ್ದು ಗೆದ್ದು ಮನೆಯಲ್ಲಿ 'ವಕೀಲಬಾಯಿ' ಎನ್ನಿಸಿಕೊಂಡಿದ್ದ ನನಗೆ ಅಷ್ಟು ಸಾಕಿತ್ತು.

"ರಾಣಿ ಇಲ್ಲ ಅತ್ತಿ. ಔರಾದದಿಂದ ಬ್ಯಾರೆ ರಾಣಿ ತರೋಣು."

ಅವಳು ಎರಿಯ ಅಂಚಿಗೆ ನೇತುಬಿದ್ದಿದ್ದ, ಶೇಂಗಾ ಕಾಯಿಯಷ್ಟು ದೊಡ್ಡ ಖಾಲಿ ರಾಣಿಗೂಡೊಂದನ್ನು ತೋರಿಸಿದಳು. ಅದರ ತುದಿ ಮುಚ್ಚಳ ತೆಗೆದಂತೆ ದುಂಡಗೆ ತೆರೆದಿತ್ತು. "ಒಬ್ಬಾಕಿ ಹುಟ್ಯಾಳ. ಇನ್ನಾ ಸಣ್ಣಾಕಿ, ತತ್ತಿ ಇಡ್ಲಾಕ ಟೈಮ್ ಬೇಕು. ಹದಿನೈದು ದಿನ ತಡಿ."

"ಹುಟ್ಟಿದ್ರ ತೋರ್ಸು."

"ಓಡ್ಯಾಡ್ತಾಳವ್ವಾ, ಕಣ್ಣಿಗೆ ಸಿಗಂಗಿಲ್ಲ. ಕಿವಿ ಇಟ್ಟು ಕೇಳು, ಇವು ಅಳಲಾಕತ್ತಿಲ್ಲ."

"ಅದು ಪುರಾವೆ ಅಲ್ಲ ಅತ್ತಿ. ತಡದು ತಡದು ಇರೋ ಹುಳಾನೂ ಮುದಿ ಆಗಿ ಸತ್ರ ಯಾರು ಜವಾಬ್ದಾರಿ?"

ಕಟ್ಟೆಯ ಮೇಲೆ ಎಲೆ ಮೆಲ್ಲುತ್ತಿದ್ದ ಮುತ್ಯಾ, ನನ್ನ ಅಜ್ಜ, ಖುಷಿಯಿಂದ ತೊಡೆ ತಟ್ಟಿದ. "ವಕೀಲಬಾಯಿ ಕೇಸ್ ಗೆದ್ದಳು ನೋಡು!" ಎಂದು ಅತ್ತಿಯ ಕಡೆ ತಿರುಗಿದ. "ಏನವ್ವಾ, ಜೇನಿನಾಗೂ ನಿನ್ನ ರಾಜ್ಯ ಮುಗೀತಲ್ಲ!" ಎಲ್ಲರೂ ನಕ್ಕರು. ನಾನೂ. ಅತ್ತಿ ಸೆರಗಿನಿಂದ ಪೆಟ್ಟಿಗೆಯ ಮುಚ್ಚಳ ಒರೆಸಿದಳು.

ಮರುದಿನ ಅತ್ತಿ, ನಾನು ಇಬ್ಬರೂ ಬಸ್ಸು ಹತ್ತಿ ಔರಾದಕ್ಕೆ ಹೋದೆವು. ಅಲ್ಲಿ ಜೇನು ಸಾಕುತ್ತಿದ್ದ ಹಿರಿಯರೊಬ್ಬರು ತೂತು ಕೊರೆದ ಬೆಂಕಿಕಡ್ಡಿ ಪೆಟ್ಟಿಗೆಯಲ್ಲಿ ರಾಣಿಯನ್ನಿಟ್ಟು, ಕೊಡುವ ಮುಂಚೆ ಅತ್ತಿಯ ಮುಖ ನೋಡಿದರು. "ಒಳಗ ಇನ್ನೊಬ್ಬಾಕಿ ಇಲ್ಲ ಅಂತ ಪಕ್ಕಾ ಅದ ಏನ್ರಿ ಅಕ್ಕೋರೆ? ಇದ್ರ ಒಬ್ಬರನ್ನೊಬ್ರು ಬಿಡಂಗಿಲ್ರಿ." ಅತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ನಾನೇ ಹೇಳಿದೆ: "ಪಕ್ಕಾ ಅದರಿ." ಈಗಲೂ ಚರ್ಚೆಯ ವೇದಿಕೆಯ ಮೇಲೆ ಎದುರಾಳಿಗಿಂತ ಅರ್ಧ ಕ್ಷಣ ಮೊದಲು ಮಾತು ಹಿಡಿದಾಗಲೆಲ್ಲ ಆ ತೆರೆದ ಬಾಯಿ ಕಣ್ಣಿಗೆ ಬರುತ್ತದೆ. ದಾರಿಯುದ್ದಕ್ಕೂ ಅತ್ತಿ ಆ ಪುಟ್ಟ ಪೆಟ್ಟಿಗೆಯನ್ನು ತಣ್ಣಗಾಗದಂತೆ ಅಂಗೈಗಳ ನಡುವೆ ಹಿಡಿದುಕೊಂಡಿದ್ದಳು. ಸಂಜೆ ಅವಳೇ ರಾಣಿಯನ್ನು ಒಳಗೆ ಬಿಟ್ಟಳು.

ಮೂರನೇ ದಿನ ಬೆಳಿಗ್ಗೆ ಜೇನುಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೆ ಎರಡು ರಾಣಿಗಳು ಸತ್ತು ಬಿದ್ದಿದ್ದವು. ಒಂದು ಔರಾದದ್ದು, ಹೊಟ್ಟೆ ತುಂಬಿಕೊಂಡದ್ದು. ಇನ್ನೊಂದು ತೆಳ್ಳಗಿನದು, ನಾವ್ಯಾರೂ ಎಂದೂ ಕಂಡಿರದ ಎಳೆಯದು. ಅತ್ತಿ ಅದನ್ನು ಎತ್ತಿ ನನ್ನ ಅಂಗೈ ಮೇಲಿಟ್ಟಳು.

"ತೋರ್ಸು ಅಂದಿದ್ಯಲ್ಲಾ," ಎಂದಳು.

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾದಿಸಬಹುದಿತ್ತು. ಆಮೇಲೆ ನನ್ನ ತಲೆಯನ್ನು ಮೆಲ್ಲಗೆ ಪೆಟ್ಟಿಗೆಗೆ ಒತ್ತಿ ಎರಡು ಸಲ ತಟ್ಟಿದಳು. ಸದ್ದು ಎದ್ದಿತು. ಅಡಗಲಿಲ್ಲ.

ಔರಾದದವರ ಬಳಿ ಮತ್ತೊಂದು ರಾಣಿ ಇರಲಿಲ್ಲ. ಹುಳಗಳೇ ಹೊಸಬಳನ್ನು ಬೆಳೆಸಿಕೊಳ್ಳಲು ಎರಿಯಲ್ಲಿ ತತ್ತಿಯೂ ಇರಲಿಲ್ಲ. ದಿನಕ್ಕಿಷ್ಟು ಕಡಿಮೆಯಾಗುತ್ತ, ಹೋಳಿ ಹುಣ್ಣಿಮೆಯ ಹೊತ್ತಿಗೆ ಪೆಟ್ಟಿಗೆ ಬರಿದಾಯಿತು. ಅತ್ತಿ ಮತ್ತೆ ಜೇನು ಸಾಕಲಿಲ್ಲ. "ಅಕೀನ್ನ ಕೇಳ್ರಿ" ಎಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಬರಲಿಲ್ಲ. ನನ್ನ ತರ್ಕ ತಪ್ಪಿರಲಿಲ್ಲ, ಕಣ್ಣಿಗೆ ಕಂಡದ್ದನ್ನೇ ಹೇಳಿದೆ ಎಂದು ಇಂದಿಗೂ ವಾದಿಸಬಲ್ಲೆ, ಗೆಲ್ಲಲೂಬಲ್ಲೆ. ಎದುರಿಗೆ ಕೂರಬೇಕಾದವಳು ತೀರಿಕೊಂಡು ನಾಲ್ಕು ವರ್ಷವಾಯಿತು.

ಮೊನ್ನೆ ಪುಸ್ತಕಗಳನ್ನೆಲ್ಲ ತೆಗೆದು ನೆಲಕ್ಕಿಟ್ಟೆ. ಪೆಟ್ಟಿಗೆಯ ಬದಿಗೆ ಎರಡು ಸಲ ತಟ್ಟಿ ಕಿವಿ ಇಟ್ಟೆ. ಖಾಲಿ ಪೆಟ್ಟಿಗೆಯೊಳಗೆ ಏನೂ ಇರುವುದಿಲ್ಲ, ಅದಕ್ಕೆ ಪುರಾವೆ ಬೇಕಿಲ್ಲ. ಆದರೂ, ಹದಿನೈದು ದಿನ ತಡೆಯಬಲ್ಲವಳ ಹಾಗೆ, ಬಿಸಿಲು ಗೋಡೆ ದಾಟುವವರೆಗೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.