ಮಾವನ ಕೈಗುಣ

ಆ ಪ್ರಯೋಗಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ ಅವರು ಮಾವ. ಟೆಕ್ನೀಷಿಯನ್ ಆಗಿ ಸೇರಿದಾಗ ಮೀಸೆ ಕಪ್ಪಗಿತ್ತು, ಈಗ ಬೆಳ್ಳಗಾಗಿದೆ. ಬದಲಾಗದೆ ಉಳಿದದ್ದು ಬಾಯಿ ಒಂದೇ. ಮಾತಿಗೆ ನಿಂತರೆ ಕಲ್ಲನ್ನೂ ನಗಿಸುವ ಆಸಾಮಿ.

ಅಲ್ಲಿನ ಕೆಲಸ ಬೆಳಗುವ ಜೆಲ್ ಮಾಡುವುದು. ಚಿಟಿಕೆ ಪುಡಿಯನ್ನು ಶೀಶೆಯ ದ್ರಾವಕಕ್ಕೆ ಹಾಕಿ, ಕರಗುವ ತನಕ ಕಾಯಿಸಿ, ಆರಲು ಬಿಡಬೇಕು. ಆರುತ್ತಾ ಆರುತ್ತಾ ಪುಟ್ಟ ಅಣುಗಳು, ಯಾರೂ ಹೇಳಿಕೊಡದೆಯೇ, ಒಂದರ ಕೈ ಒಂದು ಹಿಡಿದು ಎಳೆಯಾಗುತ್ತವೆ, ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ದ್ರಾವಕ ಆ ಬಲೆಯಲ್ಲಿ ಸಿಕ್ಕಿಬಿದ್ದರೆ ಜೆಲ್ ಕಟ್ಟಿತು ಅಂತ ಲೆಕ್ಕ. ಶೀಶೆ ಬೋರಲು ಹಾಕಿದರೂ ಹನಿ ಜಾರುವುದಿಲ್ಲ. ಬಿಡಿಬಿಡಿಯಾಗಿದ್ದಾಗ ಮಂಕಾಗಿರುವ ಅಣುಗಳು ಹೀಗೆ ಒಟ್ಟಾದ ಮೇಲೆ, ನೇರಳಾತೀತ ದೀಪ ಹಿಡಿದರೆ ಸಾಕು, ಝಗ್ಗೆಂದು ಬೆಳಗುತ್ತವೆ.

ಹೊಸ ಪುಡಿ ಯಾರೇ ಮಾಡಲಿ, ಮೊದಲ ಜೆಲ್ ಕಟ್ಟುವುದು ಮಾತ್ರ ಮಾವನೇ. ಅಲ್ಲಿನವರು ದೊಡ್ಡ ವಿಜ್ಞಾನಿಗಳೇನೋ ನಿಜ, ಆದರೆ ಮಾವನ ಕೈಗುಣವನ್ನು ಪುರಾವೆ ಕೇಳದೆ ನಂಬಿದ್ದರು. "ಮಾವನ ಕೈಲಿ ಕಟ್ಟದ್ದು ಯಾರ ಕೈಲೂ ಕಟ್ಟಲ್ಲ" ಎಂದು ಮುಖ್ಯಸ್ಥೆಯಾದ ಮೇಡಂ ಹೇಳಿದರೆಂದರೆ ಆ ಪುಡಿಯ ಕಥೆ ಮುಗಿದಂತೆ.

ಅಂಥ ಕೈ ಈಚೆಗೆ ನಡುಗತೊಡಗಿತ್ತು. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಇಡೀ ಕೈ. ಮನೆಯಲ್ಲಿ ಹೆಂಡತಿ ಅಂಗಿಯ ಗುಂಡಿ ಹಾಕಿಕೊಡುತ್ತಾ, "ಡಾಕ್ಟರ್ ಹೇಳಿದ್ದನ್ನ ಕೆಲಸದಲ್ಲಿ ಹೇಳ್ಬಿಡ್ರೀ" ಎಂದು ದಿನಾ ಗೊಣಗುತ್ತಿದ್ದರು. "ನಾಡಿದ್ದು ಹೇಳ್ತೀನಿ ಕಣೇ" ಎನ್ನುತ್ತಿದ್ದರು ಮಾವ. ಆ ನಾಡಿದ್ದು ಬರಲೇ ಇಲ್ಲ. ಎಲ್ಲರೆದುರು ಟೀ ಕುಡಿಯುವುದನ್ನು ಬಿಟ್ಟು, "ಹೊಟ್ಟೆ ಕರಗಿಸ್ತಿದೀನಿ" ಎಂದು ಬುರುಡೆ ಬಿಟ್ಟರು. ಕೈ ಜೇಬಿಗೆ ಹಾಕಿ ನಡೆದರೆ "ಏನ್ ಮಾವ, ಹೀರೋ ಥರ!" ಎಂದು ರೇಗಿಸುವವರು ಬೇರೆ. ಮಾವ ನಗುತ್ತಿದ್ದರು. ಒಳಗೆ ಮಾತ್ರ ಜೀವ ಹಿಡಿಯಷ್ಟಾಗಿತ್ತು. ಗೊತ್ತಾದರೆ ಈ ಕೆಲಸ ಕಿತ್ತುಕೊಂಡು ಯಾವುದೋ ಮೂಲೆಯ ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ ಎಂಬ ಭಯ.

ಆಗ ಬಂತು ಮರಿಯ ಪುಡಿ. ಮರಿ ಎಂದರೆ ಸಂಶೋಧನೆ ಮಾಡುವ ಹುಡುಗಿ. ಹಾಗೆ ಕರೆಯುವ ಹಕ್ಕು ಮಾವ ಒಬ್ಬರಿಗೇ. ಆ ಒಂದು ಪುಡಿಗಾಗಿ ಅವಳು ವರ್ಷಗಟ್ಟಲೆ ಹೆಣಗಿದ್ದಳು. ಮಾವ ಕಾಯಿಸಿದರು. ಆರುವಾಗ ಬೆಳಕು ಹುಟ್ಟುವುದನ್ನು ನೋಡಬೇಕೆಂದು, ಬಿಸಿ ಶೀಶೆಯನ್ನೇ ಪಕ್ಕದ ಕತ್ತಲೆ ಕೋಣೆಯ ದೀಪದ ಕೆಳಗೆ ಒಯ್ಯುವುದು ಅಲ್ಲಿನ ರೂಢಿ. ದಾರಿಯುದ್ದಕ್ಕೂ ಕೈ ಕುಲುಕಿತು. ಬೋರಲು ಹಾಕಿದರೆ ಎಲ್ಲ ಬಳಬಳನೆ ಇಳಿಯಿತು. ಮರುದಿನವೂ ಅದೇ ಹಾಡು.

"ಹೋಗ್ಲಿ ಬಿಡಮ್ಮ, ಬೇರೆ ಏನಾದ್ರೂ ಹಿಡಿ" ಎಂದರು ಮೇಡಂ.

ಮರಿ ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅಳಲಿಲ್ಲ, ಶೀಶೆ ತೊಳೆಯಲು ಎತ್ತಿಕೊಂಡಳು. "ನನ್ ಹಣೆಬರಹ ಮಾವ, ನೀವೇನ್ ಮಾಡ್ತೀರಿ" ಎಂದು ಅವರಿಗೇ ಸಮಾಧಾನ ಹೇಳಿದಳು.

ತನ್ನ ಗುಟ್ಟು ಉಳಿಯಲೆಂದು ಈ ಮಗುವಿನ ಬಾಯಿಗೆ ಮಣ್ಣು ಹಾಕುವುದೇ? ಥೂ, ಇದೂ ಒಂದು ಬಾಳೇ ಎಂದು ಮಾವ ತಮ್ಮನ್ನು ತಾವೇ ಬೈದುಕೊಂಡರು.

"ಮೇಡಂ, ತಪ್ಪು ಪುಡೀದಲ್ಲ, ನನ್ ಕೈದು" ಎಂದು ಕೈ ಮುಂದೆ ಚಾಚಿದರು. ಅದು ಗಡಗಡ ನಡುಗುತ್ತಿತ್ತು. "ಆರೋ ಹೊತ್ತಲ್ಲಿ ಹೀಗೆ ಅಲ್ಲಾಡಿಸಿದ್ರೆ ಅವು ಹೆಂಗೆ ಒಂದಾಗ್ತವೆ? ಕಟ್ಟೋದನ್ನೆಲ್ಲ ನಾನೇ ಬಿಡಿಸ್ತಾ ಹೋಗಿದೀನಿ."

"ಯಾವಾಗಿಂದ ಮಾವ ಇದು?" ಮೇಡಂ ಕೇಳಿದರು.

"ಟೀ ಬಿಟ್ಟಾಗಿಂದ."

ಹೇಳಿ ಅವರಿಗೇ ನಗು ಬಂತು, ಹಿಂದೆಯೇ ಅಳುವೂ ಬಂತು. "ನಾವೇನು ಹೊರಗಿನವರಾ? ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಮೇಡಂ ಗದರಿದರು.

ಈ ಸಲ ಶೀಶೆಯನ್ನು ಒಯ್ಯಲಿಲ್ಲ. ಕಿಟಕಿಯ ಪರದೆ ಎಳೆದು, ದೀಪವನ್ನೇ ಹೊತ್ತು ತಂದು ಮೇಜಿನ ಮೇಲೆ ಇಟ್ಟರು. ಮರಿ ಪುಡಿ ಹಾಕಿ, "ಕಾಯಿಸಿ ಮಾವ" ಎಂದಳು.

"ನಾನಾ? ಈ ಕೈಲಾ?"

"ಮತ್ತಿನ್ಯಾರು? ಕಾಯಿಸೋದು ನೀವು, ಎತ್ತೋದು ನಾನು."

ಮೇಡಂ ಹೂಂಗುಟ್ಟಿದರು. ಮಾವ ಬಿಸಿತಟ್ಟೆಯ ಸ್ವಿಚ್ ಒತ್ತಿದರು. ಪುಡಿ ಕರಗಿದ ಮೇಲೆ ಸ್ವಿಚ್ ಆರಿಸಿ, ಹಿಂದೆ ಸರಿದು ಕೂತರು. ಯಾರೂ ಮೇಜು ಮುಟ್ಟಲಿಲ್ಲ. ಸುಮಾರು ಹೊತ್ತಿನ ಮೇಲೆ ಶೀಶೆಯ ಅಂಚಿನಲ್ಲಿ ಸಣ್ಣಗೆ ಹಸಿರು ಕಾಣಿಸಿತು. ನೋಡನೋಡುತ್ತಾ ಅದು ಒಳಗೆಲ್ಲ ತುಂಬಿಕೊಂಡಿತು. ಮರಿ ಶೀಶೆಯನ್ನು ಬೋರಲು ಹಾಕಿದಳು. ಒಂದು ಹನಿಯೂ ಕದಲಲಿಲ್ಲ.

"ಕಟ್ಟಿತು ಮಾವಾ!" ಎಂದು ಕಿರುಚಿ ಅವಳು ಅವರ ಆ ಕೈಯನ್ನೇ ಹಿಡಿದುಕೊಂಡಳು. ಅವಳ ಹಿಡಿತದೊಳಗೂ ಅದು ನಡುಗುತ್ತಲೇ ಇತ್ತು. ನಡುಗಿದರೆ ನಡುಗಲಿ ಎಂದು ಮಾವ ಬಿಡಿಸಿಕೊಳ್ಳಲಿಲ್ಲ.