ಗೂಡಿನ ಮುಂದೆ ಕೂರುವ ಕಾಳಪ್ಪ

ಪಾಂಡವಪುರದ ನನ್ನ ಚಿಕಿತ್ಸಾ ಕೊಠಡಿಗೆ ಮಾತು ಬಾರದ ಮಕ್ಕಳನ್ನು ಕರೆದುಕೊಂಡು ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ ಜನ ಬರುತ್ತಾರೆ. ಅವರಿಗೆ ಮೊದಲ ಪಾಠ ಹೇಳುವುದು ನಾನಲ್ಲ, ಬಾಬುರಾಯನಕೊಪ್ಪಲಿನ ಕಾಳಪ್ಪ. ಪಾಠವೆಂದರೆ ಬಾಯಿ ಮುಚ್ಚಿಕೊಂಡು ಕೂರುವುದು.

ಕಾಳಪ್ಪ ಅಕ್ಕಸಾಲಿಗರ ಮನೆಯವರು. ಕುಲುಮೆ ಬಿಟ್ಟು, ರಂಗನತಿಟ್ಟಿನಲ್ಲಿ ಸಂಶೋಧಕರ ಜೊತೆ ಇಪ್ಪತ್ತೆಂಟು ವರ್ಷ ಕೊಕ್ಕರೆ ಗೂಡು ಕಾದವರು. ಅವರ ಮೊಮ್ಮಗಳು ಭೂಮಿಕಳಿಗೆ ಮೂರೂವರೆ ವರ್ಷ. ಕಿವಿ ಚೆನ್ನಾಗಿತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಮಾತು ಮಾತ್ರ ಇಲ್ಲ. ಅವಳು ಒಂದು ಸಲ 'ತಾತ' ಎನ್ನುವುದನ್ನು ಕೇಳಬೇಕೆಂದು ಮುದುಕ ಹಂಬಲಿಸುತ್ತಿದ್ದರು. ಎರಡು ತಿಂಗಳಾದರೂ ನಾನು ಅವಳಿಂದ ಒಂದು ಸೊಲ್ಲೂ ಹೊರಡಿಸಿರಲಿಲ್ಲ.

ಒಂದು ದಿನ ಅವಳ ಮುಂದೆ ಚಿತ್ರ ಹಿಡಿದು, "ಇದೇನು ಪುಟ್ಟಿ? ಹಸು ಅಲ್ವಾ? ಹಸು ಅನ್ನು" ಎನ್ನುತ್ತಿದ್ದೆ. ಬೆಂಚಿನಿಂದ ಕಾಳಪ್ಪ ಗಂಟಲು ಸರಿಮಾಡಿಕೊಂಡರು.

"ಗೂಡಿನ್ ಮುಂದೆ ಇಂಗೆ ಮಾತಾಡ್ತಾ ಕೂತ್ರೆ ಯಾವ ಕೊಕ್ಕರೇನೂ ಬಾಯ್ಬುಡಾಕಿಲ್ಲ ಮೇಡಂ. ಕೇಳೋದೂ ನೀವೇ, ಜವಾಬು ಕೊಡೋದೂ ನೀವೇ. ಕೂಸಿಗೆ ಜಾಗ ಎಲ್ಲೈತೆ?"

ನನಗೆ ಉರಿದುಹೋಯಿತು. ಐದು ವರ್ಷ ಓದಿದವಳಿಗೆ ಗೂಡು ಎಣಿಸುವವರ ಬುದ್ಧಿವಾದ! "ಹಾಗಾದರೆ ನೀವೇ ಮಾಡಿ ತೋರಿಸಿ" ಎಂದೆ. ಅವರು ಸಲೀಸಾಗಿ ಒಪ್ಪಿಕೊಂಡುಬಿಟ್ಟರು.

ಮುಂದಿನ ವಾರ, ಗೂಡು ಕಾಯುವಾಗ ಹಕ್ಕಿಗಳ ಕೂಗು ಬರೆದಿಡುವ ಪುಸ್ತಕ ತಂದರು. ಎಡಕ್ಕೆ ಗಂಟೆ, ಬಲಕ್ಕೆ ಕೂಗು. ಗೂಡಿಗೆ ಹಾಕುವ ಅದೇ ಗೆರೆಗಳ ನಡುವೆ ತಮ್ಮ ಮನೆಯ ಒಂದು ಇಡೀ ದಿನವನ್ನು ಬರೆದಿದ್ದರು. ಬೆಳಗಿನಿಂದ ಸಂಜೆಯವರೆಗೆ ಮಗುವನ್ನು ಮನೆಮಂದಿ ನೂರಾ ಹದಿನೇಳು ಸಲ ಮಾತಿಗೆ ಎಳೆದಿದ್ದರು. ಉತ್ತರಕ್ಕೆಂದು ಒಬ್ಬರೂ ಕಾದಿರಲಿಲ್ಲ. ಮಗು ಬಾಯಿ ತೆರೆಯುವ ಮೊದಲೇ ಅಜ್ಜಿ ವರಲಕ್ಷ್ಮಮ್ಮ ಉತ್ತರ ಕೊಟ್ಟಿರುತ್ತಿದ್ದರು. ಬೆಳಿಗ್ಗೆ ಆರೂವರೆಗೆ, ಬೇರೆ ಯಾರೂ ಇಲ್ಲದ ಹಿತ್ತಲಲ್ಲಿ, ಭೂಮಿಕ ಕೋಳಿಗೆ 'ಬಾ' ಎಂದಿದ್ದಳು. ಅದೊಂದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದರು.

"ಇದ್ಯಾಕೆ ಪೆನ್ಸಿಲ್ಲು?"

"ಒಂದ್ಸಲ ಕೇಳಿದ್ದು ಲೆಕ್ಕಕ್ಕಿಲ್ಲ ಮೇಡಂ. ಎಲ್ಡ್ನೇ ಸಲ ಕೇಳಿದ್ಮೇಲೇನೇ ಪೆನ್ನಲ್ಲಿ ಬರ್ಯೋದು."

"ನೂರಾ ಹದಿನೇಳರಲ್ಲಿ ನಿಮ್ಮದೆಷ್ಟು?"

ಕಾಳಪ್ಪ ನೆಲ ನೋಡಿದರು. "ನಲವತ್ಮೂರು. ಬರೀ 'ತಾತ ಅನ್ನು, ತಾತ ಅನ್ನು' ಅಂತ."

ಮೂರು ಗಂಟೆ ಮಿಸುಕಾಡದೆ ಗೂಡು ಕಾಯುವ ಮನುಷ್ಯ! ನನಗೆ ನಗು ಬಂತು, ಸಿಟ್ಟೂ ಇಳಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮ್ಮಿಬ್ಬರಿಗೂ ಸರಿಯಾಗಿ ಒಪ್ಪುತ್ತಿತ್ತು.

ಅವರ ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಮೂರು ವಾರದ ಮೇಲೆ ವರಲಕ್ಷ್ಮಮ್ಮ ಗಿಳಿ ಕಚ್ಚಿದ ಸೀಬೆಹಣ್ಣು ಹಿಡಿದು, ಗಂಡ ಮತ್ತು ಮೊಮ್ಮಗಳ ಜೊತೆ ನನ್ನ ಕೊಠಡಿಗೆ ಬಂದರು. ಗಿಳಿಯ ಎಂಜಲು ತಿಂದರೆ ಮಕ್ಕಳಿಗೆ ಮಾತು ಬರುತ್ತದೆಂಬುದು ಹಳಬರ ನಂಬಿಕೆ. ಎಂದಿನಂತೆ ಮೊಮ್ಮಗಳ ಬಾಯಿಗಿಡಲು ಹೊರಟರು.

"ತಾಳೇ, ಕೇಳೋ ಗಂಟ ತಾಳು" ಎಂದು ಕಾಳಪ್ಪ ಹಣ್ಣನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡರು. ಚಾಪೆಯ ಮೇಲೆ ಮಗುವಿಗೆ ಓರೆಯಾಗಿ, ಅದರ ಕಣ್ಣು ನೋಡದೆ ಕುಳಿತರು. ಅಜ್ಜಿ ಮಿಸುಕಿದಾಗ ನಾನು ಅವರ ಕೈ ಹಿಡಿದೆ. ನನ್ನ ನಾಲಿಗೆಯನ್ನು ಹಿಡಿಯುವುದು ಅದಕ್ಕಿಂತ ಕಷ್ಟವಾಯಿತು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಕಳೆಯಿತು, ಇನ್ನೊಂದೂ ಕಳೆಯಿತು. ಭೂಮಿಕ ಹತ್ತಿರ ಸರಿದು ಬಂದು ಅಜ್ಜನ ಮೊಣಕಾಲು ಹಿಡಿದಳು. ಹಣ್ಣು ನೋಡಿದಳು, ಮುಖ ನೋಡಿದಳು.

"ತಾತ," ಎಂದಳು. "ಕೊಡು."

ಹಣ್ಣು ತಕ್ಷಣ ಅವಳ ಕೈ ಸೇರಿತು. ಕಾಳಪ್ಪ ಗಡಿಯಾರ ನೋಡಿ ಪುಸ್ತಕ ಬಿಚ್ಚಿದರು. ಜೇಬಿನಿಂದ ಹೊರಬಂದದ್ದು ಪೆನ್ನು.

"ಎರಡನೇ ಸಲ ಕೇಳೋದು ಬೇಡ್ವಾ?" ಎಂದು ಕಾಡಿಸಿದೆ.

"ಅದು ಕೊಕ್ಕರೆಗೆ, ಸುಮ್ಕಿರಿ" ಎಂದು ಒತ್ತಿ ಬರೆದರು.